ಎಣ್ಣೆ ಮುಟ್ಟದ ಕಾರು, ಮಾತಾಡದ ಅಳಿಯ

ಹುಣಸೂರಿನ ನಮ್ಮ ಬೀದಿಯಲ್ಲಿ ವಾರಕ್ಕೊಂದಾದರೂ ನಗುವಂಥದ್ದು ನಡೆಯದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆ ಪುಣ್ಯಾತ್ಮ ಶಿವ ನನ್ನನ್ನು ಒಂದು ವಾರವೂ ಉಪವಾಸ ಕೆಡವಿಲ್ಲ. ಬೇರೆಯವರ ಮನೆಯಲ್ಲಿ ಏನೂ ನಡೆಯದ ವಾರ ನಮ್ಮ ಅಳಿಯ ಏನಾದರೂ ನಡೆಸಿಕೊಡುತ್ತಾನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ಯಾರ ಮನೆಯ ಕುಕ್ಕರು ಇವತ್ತು ಯಾಕೆ ಕೂಗಲಿಲ್ಲ ಅಂತ ಹೇಳೋದಕ್ಕೆ ಅಷ್ಟು ಓದು ಧಾರಾಳ. ಈಗ ಬರೆಯುತ್ತಿರೋದು ಅಳಿಯನ ಕರೆಂಟು ಕಾರಿನ ಸಮಾಚಾರ. ನಮ್ಮ ಮನೆ ಮರ್ಯಾದೆ ನಾನೇ ತೆಗೆಯುತ್ತಿದ್ದೀನಿ ಅಂತ ಯಾರಾದರೂ ಅಂದರೆ, ನಮ್ಮ ಬೀದಿಯ ಮೂಲೆ ಮನೆಯವಳು ತೆಗೆಯೋದಕ್ಕಿಂತ ನಾನೇ ತೆಗೆಯೋದು ಮೇಲಲ್ಲವಾ?

೧. ಸಾವಿನ ಮನೆಯ ಭಾಷಣ

ನಮ್ಮ ಅಳಿಯನದು ಪಿರಿಯಾಪಟ್ಟಣದಲ್ಲಿ ಬೀಜ, ಗೊಬ್ಬರದ ಅಂಗಡಿ. ಮನೆ ನಮ್ಮ ಬೀದಿಯಲ್ಲೇ, ನಮ್ಮ ಜಗಲಿಯ ಮೇಲೆ ಕೂತರೆ ಅವರ ಅಡುಗೆಮನೆಯ ಒಗ್ಗರಣೆ ಮೂಗಿಗೆ ಬರುವಷ್ಟು ಹತ್ತಿರ. ಮೂರು ವರ್ಷದ ಹಿಂದೆ ಕರೆಂಟು ಕಾರು ತಂದ. ಕಾರು ಮನೆ ಮುಂದೆ ನಿಂತ ದಿನದಿಂದ ಅವನ ಬಾಯಿ ನಿಂತಿಲ್ಲ.

"ಈ ಕಾರಿಗೆ ಎಣ್ಣೆ ಅನ್ನೋದೇ ಇಲ್ಲ ಕಣ್ರೀ. ಪೆಟ್ರೋಲೂ ಇಲ್ಲ, ಡೀಸೆಲೂ ಇಲ್ಲ, ಇಂಜಿನ್ ಆಯಿಲೂ ಇಲ್ಲ. ಒಂದು ತೊಟ್ಟು ಎಣ್ಣೆ ಮುಟ್ಟಿಸಂಗಿಲ್ಲ!"

ಟೀ ಅಂಗಡಿಯಲ್ಲಿ ಇದೇ, ಮದುವೆ ಮನೆಯಲ್ಲಿ ಇದೇ. ಕಂಪನಿಯವರು ಸರ್ವೀಸಿಗೆ ತನ್ನಿ ಅಂತ ಫೋನ್ ಮಾಡಿದರೆ, "ಎಣ್ಣೇನೇ ಇಲ್ಲದ ಕಾರಿಗೆ ಎಂಥ ಸರ್ವೀಸ್ರೀ" ಅಂತ ಅವರಿಗೇ ಪಾಠ ಹೇಳಿ ಇಟ್ಟುಬಿಡುತ್ತಿದ್ದ.

ರಾವಂದೂರಿನಲ್ಲಿ ಅವನ ಸೋದರಮಾವ ತೀರಿಕೊಂಡರು. ಹೆಣ ಅಂಗಳದಲ್ಲಿ ಕೂರಿಸಿದ್ದಾರೆ, ಹೆಂಗಸರು ಅಳುತ್ತಿದ್ದಾರೆ. ಯಾರೋ ಪಾಪ, ಮಾತಿಗೆ ಅಂತ "ಕಾರಲ್ಲಿ ಬಂದ್ರಾ?" ಅಂತ ಕೇಳಿದರು. ಅಷ್ಟೇ ಸಾಕಾಯಿತು. ಇವನು ಶುರು ಮಾಡಿದ. ಗಂಡಸರೆಲ್ಲ ಹೆಣ ಬಿಟ್ಟು ಕಾರಿನ ಸುತ್ತ ನಿಂತರು. ಅಳುತ್ತಿದ್ದ ಹೆಂಗಸರಲ್ಲೂ ಇಬ್ಬರು ಎದ್ದು ಹೋಗಿ ಬಾನೆಟ್ಟಿನ ಒಳಗೆ ಬಗ್ಗಿ ನೋಡಿ ಬಂದು ಮತ್ತೆ ಅಳೋದಕ್ಕೆ ಕೂತರು. ಕೊನೆಗೆ ಸತ್ತವರ ಮಗ ಕಣ್ಣೊರೆಸಿಕೊಂಡು ಬಂದು ಕೈಮುಗಿದ.

"ಭಾವ, ನಮ್ಮಪ್ಪನ್ನ ಮಣ್ಣು ಮಾಡ್ಬುಟ್ಟು ಬರಾನ. ಉಳಿದಿದ್ದು ತಿಥಿ ದಿನ ಹೇಳೀರಂತೆ."

೨. ಹಂಪಾಪುರದ ಆಡು

ಇಂಥ ಕಾರಿನಲ್ಲಿ ನನ್ನ ಮಗಳು, ನಾನು ಹೆಚ್.ಡಿ. ಕೋಟೆ ಕಡೆ ಹಂಪಾಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಮಗಳು ಚೆನ್ನಾಗಿ ಓಡಿಸುತ್ತಾಳೆ, ಅವಳು ಕಲಿತದ್ದೇ ಟ್ರ್ಯಾಕ್ಟರಿನಲ್ಲಿ. ಈ ಕಾರಿನಲ್ಲಿ ಒಂದು ಚಮತ್ಕಾರ ಉಂಟು. ಕಾಲು ಎತ್ತಿದರೆ ಸಾಕು, ಮೋಟರೇ ಹಿಡಿದು ನಿಧಾನ ಮಾಡುತ್ತದೆ. ಬ್ರೇಕು ತುಳಿಯೋ ಕೆಲಸ ಅಪರೂಪಕ್ಕೆ.

ಆ ಅಪರೂಪ ಅವತ್ತೇ ಬಂತು. ತಿರುವಿನಲ್ಲಿ ಒಂದು ಹಿಂಡು ಆಡು ಅಡ್ಡ ಬಂದವು. ಮಗಳು ಬ್ರೇಕು ತುಳಿದಳು. ಕಾರು ನಿಂತಿತು, ಇಲ್ಲ ಅನ್ನಲ್ಲ. ಆದರೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ, ಯೋಚನೆ ಮಾಡಿಕೊಂಡು ನಿಂತಿತು. ಒಂದು ಆಡಿನ ಗಡ್ಡ ಬಂಪರಿಗೆ ತಾಗುತ್ತಿತ್ತು.

"ಅವ್ವಾ, ಪೆಡಲು ಮುದ್ದೆ ತುಳಿದಂಗೆ ಒಳಕ್ಕೆ ಓಯ್ತದೆ ಕಣವ್ವ" ಅಂದಳು ಮಗಳು, ಮುಖ ಬಿಳುಚಿಕೊಂಡು.

ನಮ್ಮೆಜಮಾನರು ಇದ್ದಾಗ ಲಾರಿ ಓಡಿಸುತ್ತಿದ್ದರು. ಪೆಡಲು ಮೆತ್ತಗಾದರೆ ಮೊದಲು ಬ್ರೇಕ್ ಆಯಿಲ್ ನೋಡಬೇಕು ಅನ್ನೋದು ಅವರು ದಿನಾ ಹೇಳುತ್ತಿದ್ದ ಮಾತು. ಉಳಿದ ಮಾತು ಏನು ಹೇಳುತ್ತಿದ್ದರೋ ನಾನು ಕೇಳಿಸಿಕೊಂಡಿಲ್ಲ, ಇದೊಂದು ಹೇಗೋ ಕಿವಿಯಲ್ಲಿ ಉಳಿದಿತ್ತು.

ಮಗಳು ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ನಕ್ಕ. "ಬ್ರೇಕು ಮೆತ್ತಗಾಗಿಲ್ಲ ಕಣೇ, ನಿನ್ ಕಾಲು ಮೆತ್ತಗಾಗದೆ. ತವರುಮನೆ ಪಕ್ಕದಲ್ಲೇ ಇಟ್ಕೊಂಡು ದಿನಾ ಉಣ್ಣೋಕೋದ್ರೆ ಇನ್ನೇನಾಯ್ತದೆ?"

ನನಗೆ ಉರಿದುಹೋಯಿತು. ಮುಂದಿನ ಸೋಮವಾರ ಮೊಮ್ಮಗಳ ಮುಡಿ ಕೊಡೋದಕ್ಕೆ ಮಾದಪ್ಪನ ಬೆಟ್ಟಕ್ಕೆ ಹೋಗೋದು ಅಂತ ಹರಕೆ. ಆ ಬೆಟ್ಟದ ರಸ್ತೆ ನೋಡಿದವರಿಗೆ ಗೊತ್ತು, ಒಂದು ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಯಿ ತೆರೆದಿರುತ್ತದೆ. ಆಡಿನ ಮುಂದೆ ಯೋಚನೆ ಮಾಡಿದ ಕಾರು ಅಲ್ಲಿ ಯೋಚನೆ ಮಾಡುತ್ತಾ ಕೂತರೆ? ಅವತ್ತೇ ತೀರ್ಮಾನ ಮಾಡಿದೆ. ಆ ಎಣ್ಣೆ ಬದಲಾಗದೆ ನನ್ನ ಮಗಳು, ಮೊಮ್ಮಗಳು ಆ ಕಾರಿನಲ್ಲಿ ಬೆಟ್ಟ ಹತ್ತೋದಿಲ್ಲ, ಇಳಿಯೋದೂ ಇಲ್ಲ.

ಅಂದ ಹಾಗೆ, ಆಡು ಕಾಯುತ್ತಿದ್ದ ಯಜಮಾನ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕಾರಿನ ಕಿಟಕಿಗೆ ಬಂದು ಬೇಜಾರಿನಿಂದ ಅಂದ: "ಇನ್ನೊಂದು ಗೇಣು ಬರಬಾರದಿತ್ತಾ ಅಕ್ಕ? ಸಂತೇಲಿ ಕೇಳಿದ್ದಕ್ಕಿಂತ ಎಚ್ಚಿಗೆ ನಿಮ್ಮ ಕೈಲೇ ಇಸ್ಕತ್ತಿದ್ದೆ."

೩. ಬೆಕ್ಕಿನ ಮೂಲಕ

ಇಲ್ಲಿ ಒಂದು ತೊಡಕು ಹೇಳಬೇಕು. ನಮ್ಮ ಕಡೆ ಹಳೇ ಪದ್ಧತಿಯಲ್ಲಿ ಅತ್ತೆ, ಅಳಿಯ ಎದುರುಬದುರು ಮಾತಾಡೋ ಹಾಗಿಲ್ಲ. ಅವನು ಬಂದರೆ ನಾನು ಸೆರಗು ಹೊದ್ದು ಬಾಗಿಲ ಮರೆಗೆ. ಏನಾದರೂ ಹೇಳಬೇಕಾದರೆ ಮಗಳಿಗೆ ಹೇಳಬೇಕು, ಮಗಳು ಅವನಿಗೆ ಹೇಳಬೇಕು. ಈಗಿನವರೆಲ್ಲ ಇದನ್ನು ಬಿಟ್ಟು ಅಳಿಯನ ಜೊತೆ ಕೂತು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ನಾವಿಬ್ಬರು ಬಿಟ್ಟಿಲ್ಲ. ಮರ್ಯಾದೆಗೆ ಅಂತ ಶುರುವಾದದ್ದು, ಬರುಬರುತ್ತಾ ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತ ಹಾಗೆ ಅನ್ನುವಲ್ಲಿಗೆ ಬಂದು ನಿಂತಿತ್ತು.

ಮಗಳು ಇಲ್ಲದಾಗ ನಮ್ಮಿಬ್ಬರ ನಡುವೆ ಇರೋದು ನಮ್ಮನೆ ಬೆಕ್ಕು. ಮಾರನೇ ದಿನ ಅಳಿಯ ಸಾರಿಗೆ ನುಗ್ಗೇಕಾಯಿ ಕೊಡೋದಕ್ಕೆ ಬಂದ. ನಾನು ಬಾಗಿಲ ಮರೆಯಿಂದ ಬೆಕ್ಕಿಗೆ ಹೇಳಿದೆ:

"ಲೇ ಬೆಕ್ಕೇ, ಕೆಲವರ ಕಾರಿನಲ್ಲಿ ಬ್ರೇಕ್ ಆಯಿಲ್ ಕೆಟ್ಟೋಗದಂತೆ. ಬೆಟ್ಟಕ್ಕೆ ಓಗೋಕ್ ಮುಂಚೆ ಬದಲಾಯಿಸ್ಬೇಕು ಅಂತ ಗೊತ್ತಾಗಬ್ಯಾಡವಾ?"

ಅಳಿಯ ನುಗ್ಗೇಕಾಯಿ ಕೆಳಗಿಟ್ಟು ಅದೇ ಬೆಕ್ಕಿಗೆ ಉತ್ತರ ಕೊಟ್ಟ: "ನೋಡು ಬೆಕ್ಕೇ, ಬ್ರೇಕು ತುಳಿದ್ರೆ ತಾನೇ ಆಯಿಲ್ ಸವೆಯೋದು? ನಾವು ತುಳಿಯೋದೇ ಇಲ್ಲ. ಮುಟ್ಟದೇ ಇರೋದು ಎಂಗೆ ಕೆಡ್ತದೆ?"

"ಓಹೋ, ಎಣ್ಣೇನೇ ಇಲ್ಲ ಅಂತಿದ್ರಲ್ಲ, ಈಗ ಅದೆ ಅಂತಾಯ್ತಾ ಬೆಕ್ಕೇ?"

ಅವನು ಬಗ್ಗಿ ನುಗ್ಗೇಕಾಯಿ ಸರಿ ಮಾಡಿ ಇಟ್ಟ. "ಅದು… ಲೆಕ್ಕಕ್ಕಿಲ್ಲದ ಎಣ್ಣೆ."

"ಬೆಕ್ಕೇ, ಹೊಗೆಸೊಪ್ಪನ್ನ ಬ್ಯಾರನ್ನಲ್ಲಿ, ಆ ಬೆಂಕಿ ಹಾಕೋ ಮನೇಲಿ, ಬೇಯಿಸಿ ಹಪ್ಪಳದಂಗೆ ಮಾಡಿರ್ತೀವಿ. ಬಾಗಿಲು ತೆಗೆದು ಒಂದು ರಾತ್ರಿ ಬುಟ್ರೆ ಬೆಳಿಗ್ಗೆಗೆ ಒದ್ದೆಬಟ್ಟೆಯಂಗೆ ಮೆತ್ತಗಾಗಿರ್ತದೆ. ಯಾರು ಮುಟ್ಟಿದ್ರು ಅದನ್ನ? ಗಾಳಿಲಿರೋ ತೇವ ತಾನೇ ಹೀರ್ಕೊಂತದೆ. ಎಣ್ಣೇನೂ ಅಂಗೇ ಅಂತ ನಮ್ಮೆಜಮಾನ್ರು ಹೇಳ್ತಿದ್ರು."

"ಬೆಕ್ಕೇ, ಹೊಗೆಸೊಪ್ಪಿಗೂ ಕಾರಿಗೂ ಏನು ಸಂಬಂಧ ಅಂತ ಕೇಳು!"

ಬೆಕ್ಕು ಅವನ ಮುಖ ನೋಡಿತು, ನನ್ನ ಮುಖ ನೋಡಿತು, ಎದ್ದು ಮೂಲೆ ಮನೆಯ ಕಡೆ ಹೋಯಿತು. ನಮ್ಮನೆ ಸುದ್ದಿ ಆ ಮನೆಗೆ ಹೇಗೆ ಮುಟ್ಟುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

೪. ಅಯ್ಯನೋರ ಚಪ್ಪಲಿ

ಬೆಕ್ಕಿನಿಂದಲೋ, ನನ್ನ ಮಗಳ ಅಳುಮೋರೆಯಿಂದಲೋ, ಅಳಿಯನಿಗೂ ಒಳಗೊಳಗೆ ಅಳುಕು ಹತ್ತಿತ್ತು. ಆದರೆ ಮೂರು ವರ್ಷ ಊರೂರಲ್ಲಿ ಎಣ್ಣೆ ಇಲ್ಲ, ಎಣ್ಣೆ ಇಲ್ಲ ಅಂತ ಸಾರಿದವನು ಈಗ ಎಣ್ಣೆ ಡಬ್ಬಿ ಹಿಡಿದುಕೊಂಡು ಯಾವ ಮುಖದಲ್ಲಿ ಟೀ ಅಂಗಡಿಗೆ ಹೋಗುತ್ತಾನೆ? ಅದಕ್ಕೆ ಬೇರೆ ದಾರಿ ಹುಡುಕಿದ. ಕಾರಿಗೆ ದೃಷ್ಟಿಯಾಗಿದೆ ಅಂದ. ಯಾರ ದೃಷ್ಟಿ? ಮೂಲೆ ಮನೆಯವಳದು. ಆ ಮಾತು ಮಾತ್ರ ನಾನು ಅಲ್ಲ ಅನ್ನಲಿಲ್ಲ.

ಅಯ್ಯನೋರನ್ನ ಕರೆಸಿದ. ಅವರು ಕಾರಿಗೆ ವಿಭೂತಿ ಬಳಿದು, ಹೂ ಮುಡಿಸಿ, ಬೂದುಗುಂಬಳ ಒಡೆದು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಚಪ್ಪಲಿಯನ್ನ ದೂರವೇ ಅನ್ನುವ ಹಾಗೆ ಕಾರಿನ ಮುಂದೆ ಬಿಟ್ಟಿದ್ದರು, ಹೊಸದು, ಹಬ್ಬಕ್ಕೆ ತಗೊಂಡದ್ದು. ಬೀದಿಯೆಲ್ಲ ನಿಂತಿತ್ತು.

"ಅಂಗೇ ಒಂಚೂರು ಮುಂದಕ್ಕೆ ಬುಟ್ಟು, ನಿಂಬೆಹಣ್ಣು ತುಳಿಸಿ ನಿಲ್ಸಿ" ಅಂದರು ಅಯ್ಯನೋರು.

ಅಳಿಯ ರಾಜನ ಹಾಗೆ ಕೂತು, ಬೀದಿಯವರಿಗೆಲ್ಲ ನಗು ತೋರಿಸುತ್ತಾ ಮುಂದಕ್ಕೆ ಬಿಟ್ಟ. ನಿಂಬೆಹಣ್ಣು ಪಚಕ್ ಅಂತು. ಹೂವಿನಂತೆ ಕಾಲಿಟ್ಟು ಬ್ರೇಕು ತುಳಿದ. ಕಾರು ಹೋಗುತ್ತಲೇ ಇದೆ. ಇನ್ನೊಂದು ಸಲ ತುಳಿದ. ರಂಗೋಲಿ ಹೋಯಿತು, ಕುಂಬಳದ ಹೋಳು ಹೋಯಿತು. ಮೂರನೇ ಸಲ ದಢಾರನೆ ತುಳಿದಾಗ ಸರಿಯಾಗಿ ಅಯ್ಯನೋರ ಚಪ್ಪಲಿಯ ಮೇಲೆ ನಿಂತಿತು.

ಅಯ್ಯನೋರು ಗಂಟೆ ಕೆಳಗಿಟ್ಟು ನಿಧಾನಕ್ಕೆ ಹೇಳಿದರು:

"ದೃಷ್ಟಿ ಓಗದೆ ಸ್ವಾಮಿ. ಈಗ ಕಾರು ಎತ್ತಿ, ಚಪ್ಪಲೀನೂ ಓಗದೆ ಅಂತ ಕಾಣ್ತದೆ."

೫. ನೀರು ಹಿಡಿಯುವ ಪೆನ್ನು

ಅಳಿಯ ಅಂಗಡಿಗೆ ಬಸ್ಸಿನಲ್ಲಿ ಹೋದ ದಿನ ನೋಡಿಕೊಂಡು ನಾನು, ಮಗಳು ಕಾರನ್ನು ಮೆಲ್ಲಗೆ ಕೆ.ಆರ್. ನಗರಕ್ಕೆ ತಗೊಂಡು ಹೋದೆವು. ಹುಣಸೂರಿನ ಗ್ಯಾರೇಜಾದರೆ ನಾವು ಇಳಿಯೋ ಮುಂಚೆ ಅಳಿಯನಿಗೆ ಫೋನು ಹೋಗಿರುತ್ತದೆ. ಕೆ.ಆರ್. ನಗರದಲ್ಲಿ ಹಿಟ್ಟಿನ ಗಿರಣಿಯ ಪಕ್ಕ ಒಬ್ಬ ಮೆಕ್ಯಾನಿಕ್ ಇದ್ದಾನೆ, ಕರೆಂಟು ಗಾಡಿಗಳನ್ನು ನೋಡುತ್ತಾನೆ. ಬಾಯಲ್ಲಿ ಎಲೆಅಡಿಕೆ, ಎದ್ದು ಬರೋದಕ್ಕೆ ಸೋಮಾರಿತನ, ಅಂತೂ ಎದ್ದು ಬಂದ.

ಬಾನೆಟ್ಟು ತೆಗೆದು ಒಂದು ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದ. "ಹೊಸದರಲ್ಲಿ ಇದು ಜೇನುತುಪ್ಪದ ಬಣ್ಣ ಇರ್ತದೆ ಅಜ್ಜಿ. ಈಗ ನೋಡಿ." ಇಣುಕಿ ನೋಡಿದರೆ ನಮ್ಮನೆ ಕಾಫಿ ಡಿಕಾಕ್ಷನ್ನಿಗಿಂತ ಕಪ್ಪು.

ಆಮೇಲೆ ಜೇಬಿನಿಂದ ಒಂದು ಪೆನ್ನಿನಂಥದ್ದು ತೆಗೆದು ಅದರ ಮೂತಿಯನ್ನ ಎಣ್ಣೆಗೆ ಅದ್ದಿದ. ಹಸಿರು ದೀಪ ಹತ್ತಲಿಲ್ಲ, ಹಳದಿ ಹತ್ತಲಿಲ್ಲ, ನೇರವಾಗಿ ಕೆಂಪು ಹತ್ತಿ ಕೂಗಿತು.

"ನೀರು ಸೇರಿಬುಟ್ಟದೆ. ಗಾಡಿ ಓಡಿದ್ರೂ ಸರಿ, ನಿಂತಿದ್ರೂ ಸರಿ, ಈ ಎಣ್ಣೆ ಗಾಳಿಯಿಂದ ತೇವ ಎಳ್ಕತ್ತಾನೇ ಇರ್ತದೆ. ಎರಡು ವರ್ಷಕ್ಕೊಂದ್ಸಲ ಪರೀಕ್ಷೆ ಮಾಡಿಸಿ ಬದಲಾಯಿಸ್ತಿರಬೇಕು. ಪೆಡಲು ಮೆತ್ತಗಾಗಿ ಒಳಕ್ಕೆ ಓದ್ರಂತೂ ಒಂದು ದಿನ ಕಾಯಬಾರದು."

"ಕಾಲೆತ್ತಿದ್ರೆ ಮೋಟ್ರೇ ಹಿಡೀತದಲ್ಲಪ್ಪ" ಅಂದಳು ಮಗಳು.

"ಅದಕ್ಕೇ ನಿಮಗೆ ಇಷ್ಟು ದಿನ ಗೊತ್ತಾಗಿಲ್ಲ ಅಕ್ಕ. ಬ್ರೇಕಿಗೆ ಕೆಲಸ ಬಿದ್ದಾಗ ತಾನೇ ಅದರ ಬಣ್ಣ ಬಯಲಾಗೋದು? ಬೆಟ್ಟದ ಮೇಲೆ ಬ್ಯಾಟ್ರಿ ತುಂಬಾ ಚಾರ್ಜ್ ಮಾಡ್ಕೊಂಡು ಇಳಿದ್ರೆ ಮೋಟ್ರು ಹಿಡಿಯಲ್ಲ. ಹಿಡಿದ್ರೆ ಕರೆಂಟ್ ಬತ್ತದೆ, ಆ ಕರೆಂಟ್ ಎಲ್ಲಿಗೆ ತುಂಬ್ತದೆ? ಹೊಟ್ಟೆ ಬಿರಿಯ ಉಂಡವನಿಗೆ ಇನ್ನೊಂದು ಮುದ್ದೆ ಇಟ್ಟಂಗೆ, ಬ್ಯಾಡ ಅಂತದೆ. ಆಗ ಎಲ್ಲಾ ಭಾರ ಬ್ರೇಕಿನ ಮ್ಯಾಲೆ. ಬ್ರೇಕು ಕಾಯ್ತದೆ, ಎಣ್ಣೆಲಿರೋ ನೀರು ಕುದ್ದು ಆವಿಯಾಯ್ತದೆ. ಆವಿ ತುಳಿದ್ರೆ ಏನು ಸಿಕ್ತದೆ? ಪೆಡಲು ನೆಲಕ್ಕೆ."

ಮಗಳು ನನ್ನ ಕೈ ಹಿಡಿದುಕೊಂಡಳು. ನಮ್ಮ ಅಳಿಯನ ಅಭ್ಯಾಸವೇ ಅದು. ಬೆಟ್ಟದ ಮೇಲೆ ಲಾಡ್ಜಿನಲ್ಲಿ ಪ್ಲಗ್ಗು ಚುಚ್ಚಿ ಬ್ಯಾಟರಿ ತುಳುಕುವ ಹಾಗೆ ತುಂಬಿಸದೆ ಅವನು ಅಲ್ಲಾಡೋದಿಲ್ಲ.

"ಈಗಲೇ ಬದಲಾಯಿಸಪ್ಪ" ಅಂದೆ.

"ಆಗಲ್ಲ ಅಜ್ಜಿ. ಕಾರಿನ ಯಜಮಾನ್ರು ಬರಬೇಕು. ಹಿಂದೆ ಒಂದ್ಸಲ ಅವರಿಗೆ ಈ ಮಾತು ಹೇಳಿದ್ದಕ್ಕೆ ಇಲ್ಲೇ ನಿಂತು ನನಗೇ ಭಾಷಣ ಮಾಡಿ ಓದ್ರು. ಅವರು ಬಂದು ಬಾಯ್ಬಿಟ್ಟು ಹೇಳದೆ ನಾನು ಮುಟ್ಟಲ್ಲ."

ಬೇಜಾರಾಯಿತು. ಆದರೂ ಬಂದದ್ದು ದಂಡವಾಗಬಾರದಲ್ಲ, ಒಂದು ಮಾತು ಕೇಳಿಯೇಬಿಟ್ಟೆ. "ಅಲ್ಲಪ್ಪ, ನೀರು ಎಷ್ಟು ಸೇರದೆ ಅಂತ ಹೇಳೋ ಆ ಪೆನ್ನನ್ನ ನಮ್ಮ ಹಾಲಿನವನ ಕ್ಯಾನಿಗೂ ಇಡಬೋದಾ?"

ಅವನು ಎಲೆಅಡಿಕೆ ಉಗಿದು ಬಂದು ಹೇಳಿದ: "ಬ್ಯಾಡಿ ಅಜ್ಜಿ, ಕೂಗಿ ಕೂಗಿ ಸುಟ್ಟೋಯ್ತದೆ, ನನ್ನತ್ರ ಇರೋದು ಒಂದೇ ಪೆನ್ನು."

೬. ಬಿಟ್ಟಿ ಬಸ್ಸು

ಈಗ ಉಳಿದದ್ದು ನನ್ನ ಕಸುಬು. ನಾನು ಒಂದು ಸುಳ್ಳೂ ಹೇಳಿಲ್ಲ, ಇದನ್ನ ಮಾದಪ್ಪನ ಮುಂದೆ ಬೇಕಾದರೂ ಹೇಳುತ್ತೀನಿ. ನಾನು ಮಾಡಿದ್ದು ಇಷ್ಟೇ. ಮೂಲೆ ಮನೆಯವಳು ನಲ್ಲಿ ಹತ್ತಿರ ಸಿಕ್ಕಾಗ, ಬಿಂದಿಗೆ ಕೆಳಗಿಟ್ಟು, ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡೆ.

"ಏನಾಯ್ತಕ್ಕ?" ಅಂದಳು. ಅವಳ ಕಣ್ಣು ದೀಪಾವಳಿಯ ಹಾಗೆ ಹೊಳೆಯಿತು.

"ಏನೂ ಇಲ್ಲ ಕಣೇ. ಸೋಮವಾರ ಮಗಳು, ಮೊಮ್ಮಗಳು ನನ್ನ ಜೊತೆ ಬಸ್ಸಲ್ಲಿ ಬತ್ತಾರೆ. ಎಂಗೂ ಹೆಂಗಸರಿಗೆ ಬಸ್ಸು ಬಿಟ್ಟಿ ಅಲ್ವಾ. ಅಳಿಯಂದ್ರು ಬೇರೆ, ಕಾರಲ್ಲಿ ಒಬ್ರೇ. ಯಾಕೆ ಅಂತ ಮಾತ್ರ ಕೇಳಬ್ಯಾಡ. ಯಾರಿಗೂ ಹೇಳಲೂಬ್ಯಾಡ."

ಯಾರಿಗೂ ಹೇಳಬೇಡ ಅಂದರೆ ಅವಳು ನೀರು ಹಿಡಿಯೋದನ್ನೂ ಮರೆತು ಮನೆಗೆ ಓಡುತ್ತಾಳೆ. ಓಡಿದಳು. ಮಗಳ ಕೈಲಿ ಒಂದು ಸೂಟ್‌ಕೇಸು ಜಗಲಿಯ ಮೇಲೆ ಇಡಿಸಿದೆ. ಬೆಟ್ಟಕ್ಕೆ ಬಟ್ಟೆ ಬೇಡವಾ ಮತ್ತೆ?

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪಿರಿಯಾಪಟ್ಟಣದ ಅಂಗಡಿಗೆ ಅಳಿಯನಿಗಿಂತ ಮೊದಲು ಹೋಗಿ ಕೂತಿತ್ತು. ಗೊಬ್ಬರ ಕೇಳೋದಕ್ಕೆ ಬಂದ ರೈತರೊಬ್ಬರು, "ಗೊಬ್ಬರ ಆಮೇಲೆ ಕೊಡೀರಂತೆ ಸ್ವಾಮಿ, ಮೊದ್ಲು ಮನೆ ಕಡೆ ನೋಡ್ಕಳಿ" ಅಂದರಂತೆ. ಹೆಚ್.ಡಿ. ಕೋಟೆಯಿಂದ ಅವನ ದೊಡ್ಡಪ್ಪ ಫೋನ್ ಮಾಡಿ, ನಾಲ್ಕು ಜನ ಹಿರಿಯರನ್ನ ಕರಕೊಂಡು ಪಂಚಾಯ್ತಿಗೆ ಬರಲಾ ಅಂದರಂತೆ. ಅವನು ಏನೂ ಇಲ್ಲ ಏನೂ ಇಲ್ಲ ಅಂದಷ್ಟೂ ಏನೋ ಇದೆ ಅನ್ನೋದು ಖಾತ್ರಿಯಾಗುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಕೆ.ಆರ್. ನಗರದ ಕಡೆಯ ಒಬ್ಬ ದಲ್ಲಾಳಿ ಅಂಗಡಿಗೇ ಬಂದು ಕಿವಿಯಲ್ಲಿ, "ಬೇಜಾರು ಮಾಡ್ಕಬ್ಯಾಡಿ, ನಮ್ಮ ಕಡೆ ಒಂದು ಒಳ್ಳೆ ಹೆಣ್ಣದೆ" ಅಂದನಂತೆ.

ಅಳಿಯ ಅಂಗಡಿ ಬಾಗಿಲು ಹಾಕಿ ಸೀದಾ ನಮ್ಮನೆಗೆ ಬಂದ. ಮುಖ ಸೋತಿತ್ತು. ಬಾಗಿಲ ಆಚೆ ನಿಂತು ಗಂಟಲು ಸರಿ ಮಾಡಿಕೊಂಡ.

"ಬೆಕ್ಕೇ, ಭಾನುವಾರ ಕೆ.ಆರ್. ನಗರಕ್ಕೆ ಓಗಿ ಆ ಹಾಳು ಎಣ್ಣೆ ಬದಲಾಯಿಸ್ಕಂಡು ಬರಾನ ಅಂತ ಹೇಳು. ಆದ್ರೆ ನಾನು ಎಣ್ಣೆ ಹಾಕಿಸ್ದೆ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು. ಕೇಳಿಸ್ತಾ ಬೆಕ್ಕೇ?"

ಕೇಳಿಸಿತು. ಆದರೆ ಬೆಕ್ಕು ಮನೆಯಲ್ಲೇ ಇರಲಿಲ್ಲ. ಅವನು ಅಷ್ಟು ಹೊತ್ತು ಬೇಡಿಕೊಂಡದ್ದು ಒಲೆ ಮುಂದೆ ಬಿದ್ದಿದ್ದ ಮಸಿಬಟ್ಟೆಯನ್ನ.

೭. ಗಿರಣಿ ನಿಂತ ಗಳಿಗೆ

ಭಾನುವಾರ ಮಗಳು ಬೆಟ್ಟಕ್ಕೆ ಬುತ್ತಿ ಮಾಡುತ್ತಾ ಉಳಿದಳು. ಅಳಿಯನನ್ನು ನಂಬಿ ಒಬ್ಬನನ್ನೇ ಕಳಿಸೋ ಹೆಂಗಸು ನಾನಲ್ಲ. ಹೋಗಿ ಟೀ ಕುಡಿದು, ಆಯಿತು ಅಂತ ಬಂದುಬಿಟ್ಟರೆ? ಹಿಂದಿನ ಸೀಟಿನಲ್ಲಿ ಕೂತೆ. ಹುಣಸೂರಿನಿಂದ ಕೆ.ಆರ್. ನಗರದವರೆಗೆ ಇಬ್ಬರೂ ಉಸಿರೆತ್ತಲಿಲ್ಲ. ಕಾರಿನ ಮುಂದೆ ಅಂಟಿಸಿದ್ದ ಪುಟಾಣಿ ಬಸವನಿಗೆ ಮಾತ್ರ ಅವನು ಒಂದು ಸಲ, "ಬಿಸಿಲು ಜಾಸ್ತಿ, ಏಸಿ ಹಾಕಲಾ ಬಸವಣ್ಣ?" ಅಂದ. "ಬಸವಣ್ಣನಿಗೆ ಶೀತ" ಅಂತ ನಾನು ಕಿಟಕಿಗೆ ಹೇಳಿದೆ.

ಗ್ಯಾರೇಜಿನಲ್ಲಿ ಅಳಿಯ ತಲೆ ತಗ್ಗಿಸಿ, "ಬದಲಾಯಿಸ್ಬುಡಪ್ಪ" ಅಂದ. ಮೆಕ್ಯಾನಿಕ್ಕು ಅದನ್ನ ಇನ್ನೊಂದು ಸಲ ಹೇಳಿಸಿಕೊಂಡ. ಜೊತೆಗೆ ಕೆಲಸ ಮಾಡುವವನು ಮದುವೆಗೆ ಹೋಗಿದ್ದನಂತೆ, ಇನ್ನಿಬ್ಬರು ಬೇಕು ಅಂದ. ಒಬ್ಬರು ಬ್ರೇಕಿನ ಪೆಡಲು ಒತ್ತಿ ಹಿಡಿಯಬೇಕು. ಆಗ ಇವನು ಚಕ್ರದ ಹಿಂದಿನ ತಿರುಪು ಸಡಿಲಿಸುತ್ತಾನೆ, ಹಳೇ ಎಣ್ಣೆ ಬರುತ್ತದೆ, ತಿರುಪು ಬಿಗಿ ಮಾಡಿದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಒಳಗೆ ಹೋಗಿ ಮಾಡಿದ್ದೆಲ್ಲ ಹಾಳು. ಇನ್ನೊಬ್ಬರು ಬಾನೆಟ್ಟಿನ ಹತ್ತಿರ ನಿಂತು ಡಬ್ಬಿಗೆ ಹೊಸ ಎಣ್ಣೆ ಸುರಿಯುತ್ತಿರಬೇಕು.

ಎಣ್ಣೆ ಸುರಿಯೋದು ಯಾರು? ನಮ್ಮ ಅಳಿಯ! ಆ ಡಬ್ಬಿ ಅವನ ಕೈಗೆ ಬಂದದ್ದು ನೋಡಿ ನನಗೆ ಮಾದಪ್ಪನ ದರ್ಶನ ಅಲ್ಲೇ ಆದ ಹಾಗಾಯಿತು. ಪೆಡಲಿಗೆ ನಾನು. ಮುಂದಿನ ಸೀಟಿನಲ್ಲಿ ಸೀರೆ ಎತ್ತಿ ಕಟ್ಟಿ ಕೂತೆ.

ಮೆಕ್ಯಾನಿಕ್ಕು ಹಿಂದಿನ ಚಕ್ರದ ಹತ್ತಿರ. 'ಒತ್ತಿ' ಅನ್ನುತ್ತಿದ್ದಾನೆ, ಆದರೆ ಪಕ್ಕದ ಗಿರಣಿಯ ಗದ್ದಲದಲ್ಲಿ ಅವನ ದನಿ ನನಗೆ ಮುಟ್ಟೋದಿಲ್ಲ. ನಡುವೆ ನಿಂತ ಅಳಿಯನಿಗೆ ಮಾತ್ರ ಕೇಳುತ್ತದೆ. ಅವನು ನನಗೆ ದಾಟಿಸಬೇಕು. ದಾಟಿಸುತ್ತಾನೆ, ಯಾರಿಗೆ? ಕೈಲಿರೋ ಎಣ್ಣೆ ಡಬ್ಬಿಗೆ.

"ಒತ್ತಬೇಕಂತಪ್ಪ."

ನಾನು ಒತ್ತಿದೆ. ಒಂದು ಗಳಿಗೆ ಆಯಿತು.

"ಬುಡಬಾರದಂತಪ್ಪ" ಅಂತ ಗಿರಣಿಯ ಗೋಡೆಗೆ ಹೇಳಿದ. ಗೋಡೆಗೆ ಹೇಳಿದ್ದು ನನಗೆ ಹೇಗೆ ಗೊತ್ತಾಗಬೇಕು? ಬಿಟ್ಟೆ. ಹಿಂದಿನಿಂದ ಮೆಕ್ಯಾನಿಕ್ಕು ತಲೆ ಚಚ್ಚಿಕೊಂಡ. ಗಾಳಿ ಹೋಯಿತು, ಮತ್ತೆ ಮೊದಲಿನಿಂದ.

"ಈಗ ಒತ್ತಬೋದಂತೆ."

"ಯಾರಿಗೋ ಏನೋ ಹೇಳ್ತಾವ್ರೆ ಬಸವಣ್ಣ" ಅಂದೆ ನಾನು. "ಯಾರಿಗೆ ಅಂತ ಗೊತ್ತಾಗ್ತಾ ಇಲ್ಲ."

ಮತ್ತೆ ಗಾಳಿ. ಮೂರನೇ ಸಲವೂ ಗಾಳಿ. ಮೆಕ್ಯಾನಿಕ್ಕು ಎದ್ದು ಬಂದ, ಮುಂಗೈ ತುಂಬಾ ಕಪ್ಪು ಎಣ್ಣೆ.

"ಸ್ವಾಮಿ, ಹಿಂಗಾದ್ರೆ ಹೊಸ ಎಣ್ಣೆ ಎಲ್ಲಾ ನೆಲಕ್ಕೇ ಓಯ್ತದೆ. ನಿಮ್ಮ ಅತ್ತೆಗೆ ಬಾಯಿಬುಟ್ಟು ಹೇಳ್ತೀರೋ, ಇಲ್ಲಾ ತಿರುಪು ಬಿಗಿ ಮಾಡಿ ಅಂಗೇ ಕಳಿಸಲೋ? ನಾಳೆ ಬೆಟ್ಟ ಇಳಿಯೋದು ನಿಮ್ ಮಗಳು, ನನ್ ಮಗಳಲ್ಲ."

ಆ ಮಾತು ನನಗೂ ಚುಚ್ಚಿತು. ಆದರೆ ಇಷ್ಟು ವರ್ಷ ಹಿಡಿದದ್ದನ್ನ ಬಿಡೋದು ಹೇಗೆ? ನಾನು ಪೆಡಲಿನ ಮೇಲೆ ಕಾಲಿಟ್ಟು ಕಾದೆ. ಬಾನೆಟ್ಟಿನ ಪಕ್ಕದಿಂದ ಅಳಿಯನ ಮುಖ ಕಂಡಿತು. ಬೆವರು ಇಳಿಯುತ್ತಿದೆ, ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಹಿಂದಿನಿಂದ ಮೆಕ್ಯಾನಿಕ್ಕು ಕೂಗಿದ. ಅಳಿಯ ಕಣ್ಣು ಮುಚ್ಚಿಕೊಂಡು, ಗಿರಣಿಯ ಗದ್ದಲವನ್ನೂ ಮೀರಿ, ಎದೆ ಬಿರಿಯುವ ಹಾಗೆ ಅರಚಿದ:

"ಅತ್ತೇ! ಒತ್ರೀ ಅತ್ತೇ! ನಾನ್ ಹೇಳೋಗಂಟ ಕಾಲ್ ತೆಗೆದ್ರೆ ನೋಡಿ ಮತ್ತೇ!"

ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಗಿರಣಿ ನಿಂತಿತು. ಅವನ ದನಿಯೊಂದೇ ಇಡೀ ಬೀದಿಯಲ್ಲಿ ಉಳಿಯಿತು. ರಾಗಿ ಡಬ್ಬ ಹಿಡಿದು ನಿಂತಿದ್ದ ಹೆಂಗಸರೆಲ್ಲ ಹೊರಗೆ ಬಂದರು.

ನಾನು ಸೆರಗು ಸರಿ ಮಾಡಿಕೊಂಡು, ಗಟ್ಟಿಯಾಗಿ ಒತ್ತಿ ಹಿಡಿದು, ಮರ್ಯಾದೆಯಿಂದಲೇ ಹೇಳಿದೆ: "ಒತ್ತಿದೀನಿ ಅಳಿಯಂದ್ರೇ. ಇಷ್ಟಕ್ಕೆ ಯಾಕೆ ಕಿರುಚ್ತೀರಿ?"

ಅಲ್ಲಿಂದ ಕೆಲಸ ಸರಾಗ. "ಒತ್ತಿ ಅತ್ತೆ." "ಒತ್ತಿದೆ." "ಬುಡಿ ಅತ್ತೆ." "ಬುಟ್ಟೆ." ನಾಲ್ಕು ಚಕ್ರ ಮುಗಿಯೋ ಹೊತ್ತಿಗೆ ಡಿಕಾಕ್ಷನ್ನು ಹೋಗಿ ಜೇನುತುಪ್ಪ ಬಂದಿತ್ತು. ಪೆಡಲು ಕಲ್ಲು ತುಳಿದ ಹಾಗೆ ಗಟ್ಟಿ.

ಮಾರನೇ ದಿನ ಬೆಟ್ಟ ಹತ್ತಿದೆವು, ಮೊಮ್ಮಗಳ ಮುಡಿ ಕೊಟ್ಟೆವು. ಲಾಡ್ಜಿನಲ್ಲಿ ಬ್ಯಾಟರಿ ತುಂಬಿಸುತ್ತಾ ಕೂತಿದ್ದವನಿಗೆ, "ಸಾಕು ಅಳಿಯಂದ್ರೇ, ಪ್ಲಗ್ಗು ಕೀಳಿ, ಒಂಚೂರು ಹಸಿವು ಇರಲಿ ಅದಕ್ಕೆ" ಅಂತ ನೇರವಾಗಿಯೇ ಹೇಳಿದೆ. ಕಿತ್ತ. ಇಳಿಯುವಾಗ ಮಗಳೇ ಓಡಿಸಿದಳು. ಒಂದೊಂದು ತಿರುವಿನಲ್ಲೂ ಕಾರು ಹೇಳಿದ ಮಾತು ಕೇಳಿತು. ಬೋಳು ತಲೆಯ ಮೊಮ್ಮಗಳು ನನ್ನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯಿತು.

ಊರಿಗೆ ಬಂದರೆ ಸುದ್ದಿ ನಮಗಿಂತ ಮೊದಲು ಬಂದು ಜಗಲಿ ಹತ್ತಿತ್ತು. ಗೊಬ್ಬರದ ಅಂಗಡಿಯವನು ಕೆ.ಆರ್. ನಗರದ ನಡುಬೀದಿಯಲ್ಲಿ ವಯಸ್ಸಾದ ಅತ್ತೆಯನ್ನ ಕಾರಿನಲ್ಲಿ ಕೂಡಿಹಾಕಿ ಬಾಯಿಗೆ ಬಂದಂಗೆ ಬೈದನಂತೆ. ಮೂಲೆ ಮನೆಯವಳು ಹೇಳೋ ಪ್ರಕಾರ ಕೈಯನ್ನೂ ಎತ್ತಿದ್ದ. ರಾವಂದೂರಿನವರು ಛೀಮಾರಿ ಹಾಕಿದರು. ಅಯ್ಯನೋರು ಎದುರಿಗೆ ಸಿಕ್ಕರೂ ಮುಖ ತಿರುಗಿಸಿ ಹೋದರು, ಚಪ್ಪಲಿಯ ಸಿಟ್ಟೂ ಸೇರಿತ್ತು ಅನ್ನಿ.

ಸಂಜೆ ಅಳಿಯ ನಮ್ಮನೆಗೆ ಬಂದ. ಬೆಕ್ಕು ಹೊಸ್ತಿಲ ಮೇಲೇ ಮಲಗಿತ್ತು. ಅದನ್ನ ದಾಟಿಕೊಂಡು ಒಳಗೇ ಬಂದು ಕೈಮುಗಿದ.

"ಅತ್ತೆ, ಊರೆಲ್ಲಾ ನನ್ನ ಉಗೀತಾ ಅದೆ. ಅಂಗಡಿಗೆ ಬಂದ ಗಿರಾಕಿ ಮುಖ ನೋಡಿ ವಾಪಸ್ ಓಯ್ತಾರೆ. ನೀವು ಒಂದು ಮಾತು ಹೇಳಿದ್ರೆ ಎಲ್ಲಾ ನಂಬ್ತಾರೆ. ಬೈದಿಲ್ಲ ಅಂತ ಹೇಳ್ಬುಡಿ ಅತ್ತೆ."

"ಅದಕ್ಕೇನು, ಈಗಲೇ ಹೇಳ್ತೀನಿ" ಅಂತ ಎದ್ದೆ. "ಬೈದಿಲ್ಲ ಕಣ್ರೇ, ಕಾರಿಗೆ ಎಣ್ಣೆ ಹಾಕ್ಸುವಾಗ ಪೆಡಲು ಒತ್ತಿ ಅಂತ ಕೂಗಿದ್ದು ಅಷ್ಟೇ ಅಂತ ನಾಲ್ಕು ತಾಲ್ಲೂಕಿಗೂ ಮುಟ್ಟಂಗೆ ಹೇಳ್ತೀನಿ."

ಬಾಗಿಲವರೆಗೆ ಹೋಗಿದ್ದೆ. ಅಳಿಯ ಓಡಿಬಂದು ಬಾಗಿಲಿಗೆ ಅಡ್ಡ ನಿಂತ. ಟೀ ಅಂಗಡಿಯ ಕಡೆ ಒಂದು ಸಲ ನೋಡಿದ, ನನ್ನ ಮುಖ ಒಂದು ಸಲ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ಹೊಡೆದೆ ಅಂತ್ಲೇ ಇರ್ಲಿ ಬುಡಿ ಅತ್ತೆ."